ಮೊದಲು ಮಾತಾಡಿದವರು

ನನ್ನನ್ನು ಯಾರೂ ಆರಿಸಲಿಲ್ಲ. ಎಂ.ಎ. ಎರಡನೇ ವರ್ಷದಲ್ಲಿ ನಾವು ಎರಡು ದಿನದ ವಿದ್ಯಾರ್ಥಿ ವಿಚಾರ ಸಂಕಿರಣ ನಡೆಸಬೇಕಿತ್ತು. ಏಳು ಜನ ಒಂದು ಖಾಲಿ ಕ್ಲಾಸ್‌ರೂಮಿನಲ್ಲಿ ಸೇರಿದೆವು. ಸುಮಾರು ಹೊತ್ತು ಯಾರೂ ಬಾಯಿ ತೆರೆಯಲಿಲ್ಲ. ಒಬ್ಬ ಪೆನ್ನಿನ ಕ್ಯಾಪ್ ತೆಗೆಯುತ್ತಿದ್ದ, ಹಾಕುತ್ತಿದ್ದ, ಮತ್ತೆ ತೆಗೆಯುತ್ತಿದ್ದ. ಒಬ್ಬಳು ಡೆಸ್ಕಿನ ಮೇಲೆ ಯಾರೋ ಕೆತ್ತಿದ್ದ ಹೆಸರನ್ನು ಓದುತ್ತಾ ಕೂತಿದ್ದಳು. ಮೌನ ಅಂದರೆ ನನಗೆ ಮೈಮೇಲೆ ಇರುವೆ ಹರಿದ ಹಾಗೆ. ತಡೆಯಲಾಗಲಿಲ್ಲ. ಎದ್ದು ಹೋಗಿ ಬೋರ್ಡಿನ ಕೆಳಗಿದ್ದ ಮಾರ್ಕರ್ ತೆಗೆದುಕೊಂಡು, "ಸರಿ, ಮೊದಲು ಕೆಲಸ ಹಂಚ್ಕೊಳ್ಳೋಣ" ಅಂದೆ.

ಅಷ್ಟೇ. ಆ ಒಂದು ಮಾತಿಗೆ ನಾನು ಸಂಚಾಲಕಿಯಾದೆ. ಮತ ಹಾಕಲಿಲ್ಲ, ಚರ್ಚೆ ಆಗಲಿಲ್ಲ, ಯಾರೂ ಹೆಸರು ಸೂಚಿಸಲಿಲ್ಲ. ಅವತ್ತು ಸಂಜೆಯ ಹೊತ್ತಿಗೆ ಎಲ್ಲರೂ ಪ್ರತಿಯೊಂದಕ್ಕೂ ನನ್ನ ಮುಖ ನೋಡಲು ಶುರು ಮಾಡಿದ್ದರು. ನನಗೂ ಅದು ಸಹಜ ಅನ್ನಿಸಿತು. ನನ್ನಲ್ಲಿ ನಾಯಕತ್ವದ ಗುಣ ಇದೆ, ಅದನ್ನು ಇವರು ಗುರುತಿಸಿದ್ದಾರೆ ಅಂದುಕೊಂಡೆ. ನನ್ನಲ್ಲಿದ್ದದ್ದು ಮೌನ ಸಹಿಸಲಾಗದ ದೌರ್ಬಲ್ಯ ಅನ್ನೋದು ಗೊತ್ತಾಗಲು ತುಂಬಾ ವರ್ಷ ಬೇಕಾಯಿತು.

ಈಗ ನಾನು ಪಾಠ ಮಾಡುತ್ತೇನೆ. ಪ್ರತಿ ಸೆಮಿಸ್ಟರ್‌ನಲ್ಲೂ ಗುಂಪು ಪ್ರಾಜೆಕ್ಟ್ ಇರುತ್ತದೆ. ಐದೈದು ಜನರ ಗುಂಪುಗಳು ಮೊದಲ ಸಲ ಕೂರುವಾಗ ನಾನು ಹಿಂದೆ ನಿಂತು ಸುಮ್ನೆ ನೋಡುತ್ತೇನೆ. ಹೆಚ್ಚು ಹೊತ್ತೇನೂ ಬೇಡ. ಯಾರು ಮೊದಲು ಮಾತಾಡಿದರು, ಮಾರ್ಕರ್ ಯಾರ ಕೈಗೆ ಹೋಯಿತು, ಇಷ್ಟು ನೋಡಿದರೆ ಸಾಕು, ಆ ಗುಂಪಿನ ಮುಂದಿನ ಮೂರು ತಿಂಗಳು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಮಾರ್ಕರ್ ಹಿಡಿದವರು ಬರೀ ಬರೆಯುವವರಲ್ಲ. ಹತ್ತು ಮಾತು ಕೇಳಿಸಿಕೊಂಡು ನಾಲ್ಕನ್ನು ಬೋರ್ಡಿಗೆ ಏರಿಸುತ್ತಾರೆ. ಉಳಿದ ಆರು ಅಲ್ಲೇ ಗಾಳಿಗೆ ಹೋಗುತ್ತವೆ. ಅದನ್ನು ಯಾರೂ ಅಧಿಕಾರ ಅಂತ ಕರೆಯುವುದಿಲ್ಲ. ಆದರೆ ಅದು ಅಧಿಕಾರವೇ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಕ್ಯಾಮರನ್ ಆಂಡರ್ಸನ್ ಮತ್ತು ಗ್ಯಾವಿನ್ ಕಿಲ್ಡಫ್ ಅನ್ನುವ ಇಬ್ಬರು ಸಂಶೋಧಕರು 2009ರಲ್ಲಿ ಇಂಥದ್ದನ್ನೇ ಪ್ರಯೋಗ ಮಾಡಿ ತೋರಿಸಿದರು. ಚಿಕ್ಕ ಚಿಕ್ಕ ಗುಂಪುಗಳಿಗೆ ಗಣಿತದ ಲೆಕ್ಕಗಳನ್ನು ಕೊಟ್ಟರು. ಎಲ್ಲರೂ ಸೇರಿ ಒಂದು ಉತ್ತರ ಕೊಡಬೇಕು. ಮುನ್ನುಗ್ಗುವ ಸ್ವಭಾವದವರು ಬೇರೆಯವರ ಮೇಲೆ ಪ್ರಭಾವ ಬೀರುವುದು ಹೇಗೆ ಅಂತ ನೋಡುವುದು ಅವರ ಉದ್ದೇಶ. ದಬಾಯಿಸಿಯಾ, ಜೋರು ಮಾಡಿಯಾ? ಎರಡೂ ಅಲ್ಲ. ಅವರು ಮೊದಲು ಉತ್ತರ ಹೇಳುತ್ತಿದ್ದರು, ಜಾಸ್ತಿ ಸಲ ಹೇಳುತ್ತಿದ್ದರು, ಅಷ್ಟೇ. ಶೇಕಡಾ 94ರಷ್ಟು ಲೆಕ್ಕಗಳಲ್ಲಿ ಯಾರೋ ಒಬ್ಬರು ಮೊದಲು ಹೇಳಿದ ಉತ್ತರವೇ ಗುಂಪಿನ ಕೊನೆಯ ಉತ್ತರವಾಗಿತ್ತು. ಆ ಮುನ್ನುಗ್ಗುವವರು ಗಣಿತದಲ್ಲಿ ಬೇರೆಯವರಿಗಿಂತ ಜಾಣರೇನೂ ಆಗಿರಲಿಲ್ಲ. ಆದರೆ ಗುಂಪಿನವರು ಅವರನ್ನೇ ಜಾಣರು ಅಂದುಕೊಂಡಿದ್ದರು. ಹೊರಗಿನಿಂದ ನೋಡಿದವರೂ ಹಾಗೇ ಅಂದುಕೊಂಡರು.

ಇದನ್ನು ಮೊದಲ ಸಲ ಓದಿದಾಗ ನನಗೆ ಆ ಖಾಲಿ ಕ್ಲಾಸ್‌ರೂಮ್ ನೆನಪಾಗಿ ಕಿವಿ ಬಿಸಿಯಾಯಿತು.

ಆ ಏಳು ಜನರಲ್ಲಿ ನಮ್ಮ ಖಜಾಂಚಿಯೂ ಒಬ್ಬ. ಅವನ ಮಾತು ಯಾವಾಗಲೂ ಒಂದೇ ಪದದಿಂದ ಶುರುವಾಗುತ್ತಿತ್ತು: "ಅಕಸ್ಮಾತ್". ಅಕಸ್ಮಾತ್ ಮೈಕ್ ಕೈಕೊಟ್ಟರೆ? ಅಕಸ್ಮಾತ್ ಭಾಷಣಕಾರರು ಬರದೇ ಇದ್ದರೆ? ಅಕಸ್ಮಾತ್ ನೂರು ಜನ ಅಂದುಕೊಂಡಿದ್ದು ನೂರೈವತ್ತಾದರೆ? ಕೊನೆಗೆ ನಾವು ಅವನನ್ನು ಹಾಗೇ ಕರೆಯತೊಡಗಿದೆವು. "ಅಕಸ್ಮಾತ್ ಬಂದ್ನಾ?" ಅಂತ ಕೇಳುವುದು, ಎಲ್ಲರೂ ನಗುವುದು. ಅವನೂ ನಗುತ್ತಿದ್ದ. ಆದರೆ ಅವನ ಉಗುರುಗಳು ಯಾವಾಗಲೂ ಬುಡದವರೆಗೆ ಕಚ್ಚಿರುತ್ತಿದ್ದವು.

ಸಂಕಿರಣ ಶುರುವಾದದ್ದು ಒಂದು ಭಾನುವಾರ. ಬೆಳಗ್ಗೆ ಸಭಾಂಗಣದ ಬಾಗಿಲಿಗೆ ಬೀಗ. ಕೀ ಇಟ್ಟುಕೊಂಡವರು ಹಿಂದಿನ ರಾತ್ರಿಯೇ ಊರಿಗೆ ಹೋಗಿದ್ದರು. ಬೇರೆ ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳು ಬ್ಯಾಗ್ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾರೆ. ನಾನೇನು ಮಾಡಿದೆ? ನನಗೆ ಬರುವುದನ್ನೇ ಮಾಡಿದೆ. ಮೆಟ್ಟಿಲ ಮೇಲೆ ನಿಂತು ಮಾತಾಡಿದೆ. ಸ್ವಾಗತ ಕೋರಿದೆ, ಜೋಕ್ ಹೊಡೆದೆ, ಎಲ್ಲರಿಗೂ ಪರಿಚಯ ಮಾಡಿಕೊಳ್ಳಲು ಹೇಳಿದೆ. ಜನ ನಕ್ಕರು. ಹೊಟ್ಟೆಯೊಳಗೆ ನನಗೆ ನಡುಕ. ಅಷ್ಟರಲ್ಲಿ ಅಕಸ್ಮಾತ್ ಹಿಂದಿನ ಕಡೆಯಿಂದ ಬಂದ. ಕೈಯಲ್ಲಿ ಇನ್ನೊಂದು ಕೀ. ಎರಡು ವಾರ ಮೊದಲೇ ಎರಡನೇ ಕೀ ಯಾರ ಹತ್ತಿರ ಇದೆ ಅಂತ ಕೇಳಿ, ಅವರ ಮನೆ ಎಲ್ಲಿದೆ ಅಂತ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದನಂತೆ. ಈ ಪ್ರಶ್ನೆಯನ್ನು ಅವನು ನಮ್ಮ ಎರಡನೇ ಮೀಟಿಂಗಿನಲ್ಲೇ ಎತ್ತಿದ್ದ. ಮಾರ್ಕರ್ ನನ್ನ ಕೈಲಿತ್ತು. ನಾನು ಅದನ್ನು ಬೋರ್ಡಿಗೆ ಏರಿಸಿರಲಿಲ್ಲ.

ಸಮಾರೋಪದಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಮೆಟ್ಟಿಲ ಮೇಲಿನ ಆ ಇಪ್ಪತ್ತು ನಿಮಿಷಗಳನ್ನು ವಿಶೇಷವಾಗಿ.

ಸ್ವಭಾವಕ್ಕೂ ನಾಯಕತ್ವಕ್ಕೂ ಇರುವ ನಂಟಿನ ಬಗ್ಗೆ ಯೋಚಿಸುವಾಗ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲೇ. ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದೇವೆ. ಎಂಥವರು ನಾಯಕರಾಗುತ್ತಾರೆ ಅನ್ನುವುದು ಒಂದು. ಎಂಥವರ ಕೈಯಲ್ಲಿ ಗುಂಪಿನ ಕೆಲಸ ದಡ ಸೇರುತ್ತದೆ ಅನ್ನುವುದು ಇನ್ನೊಂದು. ವಿಶ್ವವಿದ್ಯಾಲಯದಲ್ಲಿ ಈ ಎರಡರ ನಡುವಿನ ಅಂತರ ಬೇರೆಲ್ಲೂ ಕಾಣದಷ್ಟು ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಇಲ್ಲಿ ಸಂಬಳ ಇಲ್ಲ, ಬಡ್ತಿ ಇಲ್ಲ, ಕೆಲಸದಿಂದ ತೆಗೆಯುವ ಹಾಗಿಲ್ಲ. ಎಲ್ಲರೂ ಒಂದೇ ವಯಸ್ಸಿನವರು. ಅನುಭವ ಯಾರಿಗೂ ಇಲ್ಲ. ಉಳಿದದ್ದು ಸ್ವಭಾವ ಒಂದೇ.

ಸ್ವಭಾವವನ್ನು ಅಳೆಯುವುದು ಹೇಗೆ? ಇದಕ್ಕೂ ಒಂದು ಒಳ್ಳೆಯ ಕತೆ ಇದೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ದೊಡ್ಡ ಇಂಗ್ಲಿಷ್ ನಿಘಂಟನ್ನು ಮುಂದಿಟ್ಟುಕೊಂಡು, ಮನುಷ್ಯರ ಗುಣ ನಡತೆ ಹೇಳುವ ಪದಗಳನ್ನೆಲ್ಲ ಆರಿಸಿದರು. ಸುಮಾರು 18,000 ಪದ ಸಿಕ್ಕವು. ಜನರಿಗೆ ನಿಜವಾಗಿ ಮುಖ್ಯ ಅನ್ನಿಸುವ ಗುಣಕ್ಕೆ ಭಾಷೆಯಲ್ಲಿ ಪದ ಇದ್ದೇ ಇರುತ್ತದೆ ಅನ್ನುವುದು ಅವರ ನಂಬಿಕೆ. ಕನ್ನಡದಲ್ಲೇ ಯೋಚಿಸಿ ನೋಡಿ. ಜಿಪುಣ, ಬಾಯಿಬಡುಕ, ಹುಂಬ, ಪುಕ್ಕಲ, ಸಿಡುಕ, ಮುಗುಮ್ಮಾಗಿರುವವನು, ಹೊಟ್ಟೆಕಿಚ್ಚಿನವನು. ಪಟ್ಟಿ ಮುಗಿಯುವುದೇ ಇಲ್ಲ. ಬೈಗುಳದ ಕಡೆ ವಾಲುತ್ತದೆ ಅನ್ನುವುದು ಬೇರೆ ಮಾತು. ಮುಂದಿನ ದಶಕಗಳಲ್ಲಿ ಬೇರೆ ಬೇರೆಯವರು ಇಂಥ ಪದಗಳನ್ನು ಸೋಸಿ ಸೋಸಿ ಐದು ರಾಶಿ ಮಾಡಿದರು. ಬಹಿರ್ಮುಖತೆ, ಅಂದರೆ ಜನರ ಜೊತೆ ಬೆರೆತು ಮಾತಾಡುವ ಸ್ವಭಾವ, ಒಂದು. ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವ ಗುಣ ಒಂದು. ಹೊಸತಿಗೆ ತೆರೆದುಕೊಳ್ಳುವ ಗುಣ, ಬೇರೆಯವರ ಜೊತೆ ಹೊಂದಿಕೊಳ್ಳುವ ಗುಣ, ಕೊನೆಗೆ ಆತಂಕ ಪಡುವ ಗುಣ. ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ.

2002ರಲ್ಲಿ ತಿಮೊಥಿ ಜಡ್ಜ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಈ ಐದು ಗುಣಗಳಿಗೂ ನಾಯಕತ್ವಕ್ಕೂ ಇರುವ ಸಂಬಂಧದ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ಬಹಿರ್ಮುಖತೆಗೆ 0.31 ಬಂತು. ಅಚ್ಚುಕಟ್ಟಿಗೆ 0.28. ಹೊಸತಿಗೆ ತೆರೆದುಕೊಳ್ಳುವ ಗುಣಕ್ಕೆ 0.24. ಆತಂಕಕ್ಕೆ ಅಷ್ಟೇ, ಆದರೆ ಉಲ್ಟಾ, ಅಂದರೆ ಆತಂಕ ಜಾಸ್ತಿಯಾದಷ್ಟೂ ನಾಯಕತ್ವ ಕಡಿಮೆ. ಹೊಂದಿಕೊಳ್ಳುವ ಗುಣಕ್ಕೆ ಬರೀ 0.08. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಪೂರ್ತಿ ಸಂಬಂಧ. ವಿದ್ಯಾರ್ಥಿಗಳ ಗುಂಪುಗಳನ್ನಷ್ಟೇ ತೆಗೆದುಕೊಂಡಾಗ ಬಹಿರ್ಮುಖತೆ 0.40ಕ್ಕೆ ಏರಿತು, ಅಚ್ಚುಕಟ್ಟು 0.36ಕ್ಕೆ.

ಈ ಅಂಕಿಗಳನ್ನು ನೋಡಿ ಕೆಲವರು ಕುಣಿಯುತ್ತಾರೆ, ಕೆಲವರು ಕುಗ್ಗುತ್ತಾರೆ. ಎರಡೂ ಬೇಡ. 0.31 ಅನ್ನುವುದನ್ನು ಅದರಿಂದಲೇ ಗುಣಿಸಿ. ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಜನರ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಅಷ್ಟನ್ನು ಮಾತ್ರ ಬಹಿರ್ಮುಖತೆಯ ಲೆಕ್ಕಕ್ಕೆ ಬರೆಯಬಹುದು. ಉಳಿದ ಒಂಬತ್ತು ಪಾಲು ಬೇರೆ ಎಲ್ಲೋ ಇದೆ. ಆದರೂ ಮನುಷ್ಯರ ವಿಷಯದಲ್ಲಿ ಇದು ಸಣ್ಣ ಸಂಖ್ಯೆಯೇನಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಅವರು ಎರಡನ್ನು ಬೇರೆ ಬೇರೆ ಮಾಡಿ ನೋಡಿದ್ದರು. ಗುಂಪಿನಲ್ಲಿ ಯಾರು ನಾಯಕರಾಗಿ ಹೊಮ್ಮುತ್ತಾರೆ ಅನ್ನುವುದು, ಮತ್ತು ನಾಯಕರಾದವರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನುವುದು. ಬಹಿರ್ಮುಖತೆಯ ಬಲ ಮೊದಲನೆಯದರಲ್ಲಿ ಜಾಸ್ತಿ, ಎರಡನೆಯದರಲ್ಲಿ ಕಡಿಮೆ. ಮಾತು ಕುರ್ಚಿಯವರೆಗೆ ಕರೆದುಕೊಂಡು ಹೋಗುತ್ತದೆ. ಕೂತ ಮೇಲೆ ಅದೊಂದೇ ಸಾಲುವುದಿಲ್ಲ.

2020ರಲ್ಲಿ ಬಂದ ಇನ್ನೊಂದು ಅಧ್ಯಯನವಂತೂ ಇನ್ನೂ ಮುಂದೆ ಹೋಯಿತು. ಒಬ್ಬರು ಏನು ಹೇಳಿದರು ಅನ್ನುವುದು ಪಕ್ಕಕ್ಕಿರಲಿ, ಎಷ್ಟು ಹೊತ್ತು ಮಾತಾಡಿದರು ಅನ್ನುವುದರ ಮೇಲೇ ಗುಂಪಿನವರು ಅವರನ್ನು ನಾಯಕರೆಂದು ಹೆಸರಿಸುತ್ತಾರಾ ಅಂತ ಹೇಳಬಹುದು ಅಂತ ತೋರಿಸಿತು. ಬುದ್ಧಿ, ಸ್ವಭಾವ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಇದು ಹಾಗೇ ಉಳಿಯಿತು. ಗಂಡಸರಿಗೆ, ಬರೀ ಗಂಡಸರಾಗಿದ್ದಕ್ಕೆ, ಸರಾಸರಿ ಒಂದು ಮತ ಹೆಚ್ಚಿಗೆ ಸಿಕ್ಕಿತ್ತಂತೆ. ನನ್ನ ಗೆಳತಿಯರಿಗೆ ಇದನ್ನು ಹೇಳಿದೆ. ಯಾರಿಗೂ ಆಶ್ಚರ್ಯ ಆಗಲಿಲ್ಲ.

ಹಾಗಂತ ಬಾಯಿಬಡುಕರನ್ನು ಬೈದು, ಮೌನಿಗಳನ್ನು ಪೂಜೆ ಮಾಡುವ ಈಗಿನ ಫ್ಯಾಷನ್ ಇದೆಯಲ್ಲ, ಅದು ನನಗೆ ಒಗ್ಗುವುದಿಲ್ಲ. ಸುಮ್ಮನೆ ಕೂತವರೆಲ್ಲ ಒಳಗೊಳಗೇ ಆಳವಾಗಿ ಯೋಚನೆ ಮಾಡುತ್ತಿರುತ್ತಾರೆ ಅನ್ನುವುದು ಸುಳ್ಳು. ಎಷ್ಟೋ ಜನ ಬರೀ ಸುಮ್ಮನೆ ಕೂತಿರುತ್ತಾರೆ. ನಮ್ಮ ಏಳು ಜನರಲ್ಲಿ ಇಬ್ಬರು ಹಾಗಿದ್ದರು. ಅವರ ಮೌನದಲ್ಲಿ ಯಾವ ಗುಟ್ಟೂ ಇರಲಿಲ್ಲ, ಮನೆಗೆ ಹೋಗುವ ಯೋಚನೆ ಇತ್ತು. ಯಾರಾದರೂ ಎದ್ದು ಮಾರ್ಕರ್ ಹಿಡಿಯದೇ ಇದ್ದರೆ ನಮ್ಮ ಸಂಕಿರಣ ನಡೆಯುತ್ತಲೇ ಇರಲಿಲ್ಲ. ಅಷ್ಟು ಹೆಮ್ಮೆ ನನಗೆ ಈಗಲೂ ಇದೆ, ಬಿಟ್ಟುಕೊಡುವುದಿಲ್ಲ.

ಆಡಮ್ ಗ್ರಾಂಟ್ ಮತ್ತು ಇಬ್ಬರು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರು ಕಾಲೇಜು ವಿದ್ಯಾರ್ಥಿಗಳ ಗುಂಪುಗಳಿಗೆ ಟೀ ಶರ್ಟ್ ಮಡಿಸುವ ಕೆಲಸ ಕೊಟ್ಟರು. ನಿಗದಿತ ಸಮಯದಲ್ಲಿ ಯಾವ ಗುಂಪು ಹೆಚ್ಚು ಮಡಿಸುತ್ತದೆ ನೋಡೋಣ ಅಂತ. ಕೆಲವು ಗುಂಪುಗಳಲ್ಲಿ ತಮ್ಮದೇ ಜನರನ್ನು ಸೇರಿಸಿದ್ದರು. ಅವರು ಮಧ್ಯೆ "ಇದಕ್ಕಿಂತ ಬೇಗ ಮಡಿಸೋ ಒಂದು ದಾರಿ ಇದೆ, ತೋರಿಸ್ಲಾ?" ಅನ್ನುತ್ತಿದ್ದರು. ಸದಸ್ಯರು ಹೀಗೆ ತಾವೇ ಮುಂದೆ ಬಂದು ಸಲಹೆ ಕೊಡುವ ಗುಂಪುಗಳಲ್ಲಿ ಕೇಳಿಸಿಕೊಳ್ಳುವ ಮೆದು ನಾಯಕರು ಇದ್ದರೆ ಕೆಲಸ ಚೆನ್ನಾಗಿ ಆಯಿತು. ಸದಸ್ಯರು ಹೇಳಿದ್ದಷ್ಟನ್ನೇ ಮಾಡುವವರಾದರೆ ಜೋರಾಗಿ ಹುರಿದುಂಬಿಸುವ ನಾಯಕರ ಗುಂಪು ಗೆದ್ದಿತು. ಅಂದರೆ ಒಳ್ಳೆಯ ನಾಯಕ ಯಾರು ಅನ್ನುವ ಪ್ರಶ್ನೆಗೆ, ಎದುರಿಗೆ ಯಾರು ಕೂತಿದ್ದಾರೆ ಅಂತ ಕೇಳದೆ ಉತ್ತರ ಹೇಳಲು ಬರುವುದಿಲ್ಲ. ಸ್ಟಾಗ್‌ಡಿಲ್ ಅನ್ನುವ ಸಂಶೋಧಕರು 1948ರಲ್ಲೇ, ನಾಲ್ಕು ದಶಕಗಳ ಅಧ್ಯಯನಗಳನ್ನು ಓದಿ ಮುಗಿಸಿ, ಬರೀ ಗುಣಗಳ ಪಟ್ಟಿಯಿಂದ ಯಾರೂ ನಾಯಕರಾಗುವುದಿಲ್ಲ, ಸಂದರ್ಭಕ್ಕೆ ಆ ಗುಣ ಹೊಂದಬೇಕು ಅಂತ ಬರೆದಿದ್ದರು. ನಾವು ಅದನ್ನು ಮತ್ತೆ ಮತ್ತೆ ಮರೆತು ಮತ್ತೆ ಮತ್ತೆ ಕಂಡುಹಿಡಿಯುತ್ತಿದ್ದೇವೆ.

ಇನ್ನು ಹೊಂದಿಕೊಳ್ಳುವ ಗುಣ. ಇದರ ಬಗ್ಗೆ ನನಗೆ ಒಂದು ಸಂಕಟ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಗುಂಪಿನ ನಾಯಕಿಯಾಗಿದ್ದಳು. ಎಲ್ಲರಿಗೂ ಅವಳು ಇಷ್ಟ. ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ಅವರ ಗುಂಪಿನಲ್ಲಿ ಒಬ್ಬ ಹುಡುಗ ಮೂರು ತಿಂಗಳಲ್ಲಿ ಒಂದು ಪುಟವನ್ನೂ ಬರೆದಿರಲಿಲ್ಲ. ಕೊನೆಯ ದಿನ ಅವರ ವರದಿ ಬಂತು. ಅವನ ಹೆಸರಿನ ಅಧ್ಯಾಯವೂ ಇತ್ತು. ಓದುತ್ತಾ ಹೋದೆ. ಒಂದು ಕಡೆ ಅಲ್ಪವಿರಾಮ ಆದಮೇಲೆ ಎರಡು ಸಲ ಜಾಗ ಬಿಟ್ಟಿತ್ತು. ಆಮೇಲೆ ಎಲ್ಲ ಕಡೆಯೂ ಹಾಗೇ ಇತ್ತು. ಹಾಗೆ ಟೈಪ್ ಮಾಡುವ ಅಭ್ಯಾಸ ಆ ಕ್ಲಾಸಿನಲ್ಲಿ ಇದ್ದದ್ದು ಅವಳೊಬ್ಬಳಿಗೇ. ಕರೆದು ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದಳು. "ಹೇಳೋದಕ್ಕಿಂತ ಬರೆಯೋದೇ ಸುಲಭ ಅನ್ನಿಸ್ತು ಮೇಡಂ" ಅಂದಳು. ರಾತ್ರಿ ಮೂರು ಗಂಟೆವರೆಗೆ ಕೂತು ಬರೆದಿದ್ದಳಂತೆ.

ಇದನ್ನು ಒಳ್ಳೆಯತನ ಅನ್ನಬೇಕಾ, ಹೆದರಿಕೆ ಅನ್ನಬೇಕಾ, ನನಗೆ ಇನ್ನೂ ಸರಿಯಾಗಿ ಹೇಳಲು ಬಾರದು. ಆದರೆ ವಿದ್ಯಾರ್ಥಿ ಗುಂಪಿನ ನಾಯಕರ ಕೈಯಲ್ಲಿ ಕೋಲೂ ಇಲ್ಲ, ಕಾಸೂ ಇಲ್ಲ. ಪ್ರೀತಿ ವಿಶ್ವಾಸದ ಮೇಲೇ ಗುಂಪು ನಡೆಯಬೇಕು. ಆದ್ದರಿಂದ ಮೃದು ಸ್ವಭಾವದವರಿಗೆ ಇಲ್ಲಿ ಕಂಪನಿಗಳಲ್ಲಿ ಸಿಗುವುದಕ್ಕಿಂತ ಹೆಚ್ಚು ಬೆಲೆ ಇದೆ. ಅವರು ಕರೆದರೆ ಜನ ಬರುತ್ತಾರೆ. ತೊಂದರೆ ಬರುವುದು ಒಬ್ಬನಿಗೆ "ನೀನು ಮಾಡಿಲ್ಲ" ಅಂತ ಮುಖಕ್ಕೆ ಹೇಳಬೇಕಾದಾಗ. ಒಂದು ನಿಮಿಷದ ಇರುಸುಮುರುಸನ್ನು ತಪ್ಪಿಸಲು ಅವರು ಒಂದು ರಾತ್ರಿಯ ನಿದ್ದೆ ಕೊಟ್ಟುಬಿಡುತ್ತಾರೆ. ಮತ್ತೆ ಆ ಹುಡುಗ? ಅವನಿಗೂ ಏನೂ ಕಲಿಯಲು ಸಿಗಲಿಲ್ಲ.

ಅತಿಯಾದ ಆತ್ಮವಿಶ್ವಾಸದವರ ಕತೆ ಬೇರೆ. ಡೆಲ್ರಾಯ್ ಪಾಲ್‌ಹಸ್ ಅನ್ನುವ ಮನಶ್ಶಾಸ್ತ್ರಜ್ಞ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರಿಗೊಬ್ಬರು ಪರಿಚಯವಿಲ್ಲದ ವಿದ್ಯಾರ್ಥಿಗಳು ಚಿಕ್ಕ ಗುಂಪುಗಳಲ್ಲಿ ಏಳು ಸಲ ಸೇರಿದರು. ತಮ್ಮ ಬಗ್ಗೆ ಇರುವುದಕ್ಕಿಂತ ದೊಡ್ಡದಾಗಿ ಅಂದುಕೊಂಡವರು ಮೊದಲ ಭೇಟಿಯಲ್ಲಿ ಎಲ್ಲರಿಗೂ ಹಿಡಿಸಿದರು. ಚುರುಕು, ಸಮರ್ಥ, ಒಳ್ಳೆಯವರು ಅನ್ನಿಸಿಕೊಂಡರು. ಏಳನೇ ಭೇಟಿಯ ಹೊತ್ತಿಗೆ ಲೆಕ್ಕ ತಿರುಗಿತ್ತು. ಅದೇ ಜನ ಈಗ ಜಂಬದವರಾಗಿ, ಸಹಿಸಲು ಕಷ್ಟವಾದವರಾಗಿ ಕಂಡರು. ಈಗ ನೀವೇ ಯೋಚಿಸಿ. ವಿದ್ಯಾರ್ಥಿ ಸಂಘದ ಪದಾಧಿಕಾರಿಗಳನ್ನು ನಾವು ಯಾವಾಗ ಆರಿಸುತ್ತೇವೆ? ಕ್ಲಾಸ್ ಪ್ರತಿನಿಧಿಯನ್ನು ಯಾವಾಗ ಆರಿಸುತ್ತೇವೆ? ಎಲ್ಲವೂ ಶುರುವಿನಲ್ಲೇ. ಯಾರ ಗುಣವೂ ಯಾರಿಗೂ ಗೊತ್ತಿಲ್ಲದಾಗ. ಮೊದಲ ಭೇಟಿಯಲ್ಲಿ ಹೊಳೆಯುವವರಿಗೆ ಇಡೀ ವರ್ಷದ ಜವಾಬ್ದಾರಿ ಕೊಟ್ಟು, ಏಳನೇ ಭೇಟಿಯಿಂದ ಗೊಣಗಲು ಶುರು ಮಾಡುತ್ತೇವೆ.

ಎರಡು ತಿಂಗಳು ತಡೆದು ಆರಿಸಿದರೆ ಏನಾಗುತ್ತಿತ್ತೋ. ನನಗಂತೂ ಆ ಪದವಿ ಸಿಗುತ್ತಿರಲಿಲ್ಲ.

ಮಧ್ಯೆ ಒಂದು ಮಾತು. ಈಗ ಎಲ್ಲ ಕಡೆ ನಾಯಕತ್ವ ಶಿಬಿರ, ವ್ಯಕ್ತಿತ್ವ ಪರೀಕ್ಷೆ ಜಾಸ್ತಿಯಾಗಿವೆ. ವಿದ್ಯಾರ್ಥಿಗಳಿಗೆ ನಲವತ್ತು ಪ್ರಶ್ನೆ ಕೊಟ್ಟು, ಕೊನೆಗೆ ನೀವು ಇಂಥ ನಮೂನೆಯವರು ಅಂತ ನಾಲ್ಕು ಅಕ್ಷರವನ್ನೋ ಒಂದು ಬಣ್ಣವನ್ನೋ ಕೊಟ್ಟು ಕಳಿಸುತ್ತಾರೆ. ನಾನೂ ಒಂದು ಶಿಬಿರಕ್ಕೆ ಹೋಗಿದ್ದೆ. ನನ್ನ ಫಲಿತಾಂಶ ಓದಿ ಎಷ್ಟು ಸರಿಯಾಗಿದೆ ಅಂತ ಬೆರಗಾದೆ. ಪಕ್ಕದವಳ ಹಾಳೆ ಓದಿದೆ. ಅದೂ ನನಗೇ ಬರೆದ ಹಾಗಿತ್ತು. ಬರ್ಟ್ರಮ್ ಫೋರರ್ ಅನ್ನುವ ಪ್ರಾಧ್ಯಾಪಕರು 1948ರಲ್ಲೇ ಈ ಆಟ ಆಡಿ ತೋರಿಸಿದ್ದಾರೆ. ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಒಂದು ವಾರದ ನಂತರ ಪ್ರತಿಯೊಬ್ಬರಿಗೂ ಅವರವರ ವ್ಯಕ್ತಿತ್ವದ ವಿವರ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ. ಅದರ ಹೆಚ್ಚಿನ ಸಾಲುಗಳು ಜ್ಯೋತಿಷ್ಯದ ಪುಸ್ತಕದಿಂದ ತೆಗೆದವು.

ಆದ್ದರಿಂದ "ನಾನು ಅಂತರ್ಮುಖಿ, ನನಗೆ ನಾಯಕತ್ವ ಆಗಿಬರುವುದಿಲ್ಲ" ಅಂತ ಯಾರಾದರೂ ಒಂದು ಹಾಳೆ ಹಿಡಿದುಕೊಂಡು ಬಂದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ, ಹಾಳೆಯ ಮೇಲೆ. ವಿಲಿಯಂ ಫ್ಲೀಸನ್ ಅನ್ನುವವರು 2001ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ವಿದ್ಯಾರ್ಥಿಗಳನ್ನು ದಿನಕ್ಕೆ ಹಲವು ಸಲ, ಎರಡು ಮೂರು ವಾರ, ಈಗ ಹೇಗೆ ನಡೆದುಕೊಳ್ಳುತ್ತಿದ್ದೀರಿ ಅಂತ ಕೇಳುತ್ತಾ ಹೋದರು. ಒಬ್ಬನೇ ಮನುಷ್ಯ ಬೆಳಗ್ಗೆ ಮೌನಿ, ಮಧ್ಯಾಹ್ನ ವಾಚಾಳಿ, ಸಂಜೆ ಮತ್ತೆ ಮೌನಿ. ಒಬ್ಬರೊಳಗಿನ ಏರುಪೇರು ಅಷ್ಟು ದೊಡ್ಡದು. ಸ್ವಭಾವ ಅನ್ನುವುದು ಆ ಏರುಪೇರಿನ ಸರಾಸರಿ. ಸರಾಸರಿಯನ್ನು ಬದಲಾಯಿಸುವುದು ಕಷ್ಟ, ಆದರೆ ಮಂಗಳವಾರ ಹನ್ನೊಂದು ಗಂಟೆಗೆ ಎದ್ದು ಹತ್ತು ನಿಮಿಷ ಮಾತಾಡಲು ಸರಾಸರಿ ಬದಲಾಗಬೇಕಿಲ್ಲ. ಸರಾಸರಿಯೂ ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ ಹಲವು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಸ್ವಭಾವ ಹೆಚ್ಚು ಬದಲಾಗುವುದು 20ರಿಂದ 40ರ ನಡುವೆ ಅಂತ ಕಂಡಿತು. ಆ ವಯಸ್ಸಿನಲ್ಲಿ ಅಚ್ಚುಕಟ್ಟು ಹೆಚ್ಚುತ್ತದೆ, ಮನಸ್ಸಿನ ಸ್ಥಿಮಿತ ಹೆಚ್ಚುತ್ತದೆ. ನಾವು ವಿದ್ಯಾರ್ಥಿಗಳಿಗೆ ಹಣೆಪಟ್ಟಿ ಅಂಟಿಸುವುದು ಸರಿಯಾಗಿ ಆ ಬದಲಾವಣೆಯ ಹೊಸ್ತಿಲಿನಲ್ಲಿ.

ಆತಂಕದ ಬಗ್ಗೆ ಮಾತ್ರ ನನಗೆ ಅಂಕಿಗಳ ಜೊತೆ ಜಗಳ ಇದೆ. ಮೈನಸ್ 0.24 ಅನ್ನುತ್ತದೆ ಲೆಕ್ಕ. ಇರಬಹುದು. ನಾಯಕನ ಕುರ್ಚಿಯಲ್ಲಿ ಆತಂಕದವರು ಕೂತರೆ ಇಡೀ ಗುಂಪಿಗೆ ಅದು ಅಂಟುತ್ತದೆ. ನಮ್ಮ ಅಕಸ್ಮಾತ್ ಸಂಚಾಲಕನಾಗಿದ್ದರೆ ಮೆಟ್ಟಿಲ ಮೇಲಿನ ಜನ ಹತ್ತು ನಿಮಿಷದಲ್ಲಿ ವಾಪಸ್ ಹೋಗಿರುತ್ತಿದ್ದರು. ಆದರೆ ಅವನು ಇಲ್ಲದೇ ಇದ್ದಿದ್ದರೆ ನಾನು ಸಂಜೆಯವರೆಗೆ ಮೆಟ್ಟಿಲ ಮೇಲೆ ಜೋಕ್ ಹೊಡೆಯುತ್ತಾ ನಿಂತಿರಬೇಕಿತ್ತು. ಒಬ್ಬೊಬ್ಬರನ್ನೇ ಹಿಡಿದು ನಾಯಕತ್ವದ ಗುಣ ಅಳೆಯುವ ಲೆಕ್ಕದಲ್ಲಿ ಇದು ಸಿಗುವುದಿಲ್ಲ. ಭಾನುವಾರದ ಬಾಗಿಲು ತೆರೆದದ್ದು ಇಬ್ಬರ ಸ್ವಭಾವ ಸೇರಿ. ಒಬ್ಬಳಿಗೆ ಚಪ್ಪಾಳೆ ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಕೆಲವು ವರ್ಷಗಳಿಂದ ನಾನು ಕ್ಲಾಸಿನಲ್ಲಿ ಒಂದು ಸಣ್ಣ ನಿಯಮ ಮಾಡಿದ್ದೇನೆ. ಗುಂಪು ಮೊದಲ ಸಲ ಕೂತಾಗ ಐದು ನಿಮಿಷ ಯಾರೂ ಮಾತಾಡುವಂತಿಲ್ಲ. ಎಲ್ಲರೂ ಒಂದೊಂದು ಚೀಟಿಯಲ್ಲಿ ತಮಗೆ ಹೊಳೆದದ್ದು ಬರೆಯಬೇಕು, ಹೆಸರು ಬೇಡ. ಆಮೇಲೆ ಚೀಟಿಗಳನ್ನೆಲ್ಲ ಓದಿ, ಒಂದನ್ನೂ ಬಿಡದೆ ಬೋರ್ಡಿಗೆ ಏರಿಸಬೇಕು. ಆಯ್ಕೆ, ತಿದ್ದುಪಡಿ ಎಲ್ಲ ಅದಾದ ಮೇಲೆ. ಈ ಐದು ನಿಮಿಷ ನನಗೇ ಎಷ್ಟು ಕಷ್ಟ ಅಂದರೆ, ನಾನು ಹೊರಗೆ ಹೋಗಿ ವರಾಂಡದಲ್ಲಿ ನಿಲ್ಲುತ್ತೇನೆ.

ಈ ಸಲದ ಮೊದಲ ಕ್ಲಾಸ್ ಮುಗಿದ ಮೇಲೆ ಒಬ್ಬ ಹುಡುಗ ನನ್ನ ಹಿಂದೆಯೇ ಬಂದ. ಮಾತುಗಾರ. ಅವನನ್ನು ನೋಡಿದರೆ ನನಗೆ ಕನ್ನಡಿ ನೋಡಿದ ಹಾಗಾಗುತ್ತದೆ.

"ಮೇಡಂ, ಈ ಚೀಟಿ ಪದ್ಧತಿ ನನಗೆ ಇಷ್ಟ ಆಗ್ಲಿಲ್ಲ" ಅಂದ.

"ಯಾಕಪ್ಪಾ?"

"ನಾನು ಮಾತಾಡ್ದೇ ಇದ್ರೆ ಬೇರೆ ಯಾವ ಕ್ಲಾಸಲ್ಲೂ ಯಾರೂ ಮಾತಾಡಲ್ಲ ಮೇಡಂ. ಎಲ್ರೂ ನನ್ನ ಮುಖ ನೋಡ್ತಾರೆ. ನಾನೇ ಶುರು ಮಾಡ್ತೀನಿ. ಆಮೇಲೆ ಇವನೇ ಎಲ್ಲಾದ್ರಲ್ಲೂ ಮೂಗು ತೂರಿಸ್ತಾನೆ ಅಂತ ಹಿಂದೆ ಆಡ್ಕೊತಾರೆ. ಈಗ ಇಲ್ಲಿ ನೋಡಿದ್ರೆ, ನನಗೆ ಬರೋದು ಅದೊಂದೇ, ಅದನ್ನೂ ಮಾಡ್ಬೇಡ ಅಂತೀರಿ."

ನನಗೆ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷ ನಾನು ಅಕಸ್ಮಾತ್‌ನ ಕಡೆಯಿಂದ ಮಾತ್ರ ಯೋಚಿಸಿದ್ದೆ. ಮೌನ ಮುರಿಯುವ ಹೊರೆಯನ್ನು ಪ್ರತಿ ಸಲ ಒಬ್ಬರ ಮೇಲೇ ಹಾಕಿ, ಕೊನೆಗೆ ಅವರನ್ನೇ ದೂರುವವರ ಬಗ್ಗೆ ಯೋಚಿಸಿರಲಿಲ್ಲ. ಆ ಹೊರೆ ಹೊತ್ತವಳೇ ನಾನಾಗಿದ್ದರೂ.

"ಮುಂದಿನ ವಾರ ಚೀಟಿ ನೀನೇ ಓದು" ಅಂದೆ. "ಜೋರಾಗಿ, ನಿನಗೆ ಹೇಗೆ ಬೇಕೋ ಹಾಗೆ. ಆದರೆ ಮಾರ್ಕರ್ ಬೇರೆಯವರ ಕೈಲಿರಲಿ."

ಮುಂದಿನ ವಾರ ಅವನು ಓದಿದ. ಒಂದೊಂದು ಚೀಟಿಯನ್ನೂ ನಾಟಕದ ಸಂಭಾಷಣೆ ಥರ ಓದಿದ. ಒಂದರಲ್ಲಿ "ಸಂದರ್ಶನಕ್ಕೆ ಜನ ಒಪ್ಪದೇ ಹೋದರೆ?" ಅಂತಿತ್ತು. ಅದನ್ನು ಓದಿ ಅವನು ಒಂದು ಕ್ಷಣ ನಿಂತ. ಉಳಿದವರೂ ನಗಲಿಲ್ಲ. ಮಾರ್ಕರ್ ಹಿಡಿದಿದ್ದ ಹುಡುಗಿ ಅದನ್ನೂ ಬರೆದಳು. ಅವಳ ಅಕ್ಷರ ಎಷ್ಟು ಸಣ್ಣದು ಅಂದರೆ ಬೆಂಚಿನಿಂದ ಯಾರಿಗೂ ಓದಲು ಆಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದರು. ಐದೂ ಜನ ಬೋರ್ಡಿನ ಮುಂದೆ ಒತ್ತೊತ್ತಾಗಿ ನಿಂತು, ಕುತ್ತಿಗೆ ಮುಂದೆ ಚಾಚಿ, ಏನು ಬರೆದಿದೆ ಅಂತ ಒಬ್ಬರನ್ನೊಬ್ಬರು ಕೇಳತೊಡಗಿದರು.